ಅಸುರರಾಜನಿಗೆ ಯಾರೂ ಉತ್ತರಿಸಲಿಲ್ಲ

ಕಡಬ
19-9-1983, ಸೋಮವಾರ

ಪ್ರೀತಿಯ ಮಗಳು ಹರಿಣಾಕ್ಷಿಗೆ ನಿನ್ನ ಮಾವ ಗುರುವಪ್ಪನ ಆಶೀರ್ವಾದಗಳು.

ಹೇಗಿದ್ದೀಯಾ ಮಗಾ? ಹಾಲೆಂಡಿನಲ್ಲಿ ಸೆಪ್ಟೆಂಬರಿನಲ್ಲೇ ಚಳಿ ಶುರುವಾಗುತ್ತದೆ ಎಂದು ನೀನು ಬರೆದಿದ್ದೆ. ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀ ತಾನೇ? ಕೆಮ್ಮು ಬಿಟ್ಟಿತೋ? ನಿನ್ನ ಅಮ್ಮ ಸತ್ಯವತಿ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಮುಗಿದಿರಬಹುದು. ಇಲ್ಲಿ ಅವಳು ಗಟ್ಟಿಮುಟ್ಟಾಗಿದ್ದಾಳೆ. ಅಣ್ಣ ಎಂಬ ಭಯಭಕ್ತಿ ಇಲ್ಲದೆ ದಿನಕ್ಕೆ ನಾಲ್ಕು ಬಾರಿ ನನ್ನನ್ನು ಗದರಿಸುವಷ್ಟು ಗಟ್ಟಿಮುಟ್ಟು.

ಆದರೆ ಮಗಾ, ನಿನ್ನ ಮಾವನಿಗೆ ಹೆದರಿಕೆ ಹಿಡಿದಿದೆ. ನಗಬೇಡ! ಹದಿನಾರನೆಯ ವಯಸ್ಸಿಗೆ ಬಣ್ಣ ಹಚ್ಚಿ ನಾಟಕದ ರಂಗ ಹತ್ತಿದವನು, ಮೂವತ್ತು ವರ್ಷ ತಾಳಮದ್ದಳೆಯಲ್ಲಿ ಮೈಕು ಇಲ್ಲದೆ ಗುಡುಗಿದವನು ನಾನು. ಗುರುವಣ್ಣ ಬಾಯಿ ತೆರೆದರೆ ನನ್ನ ಜೀಪಿನ ಹಾರ್ನಿಗೆ ನಾಚಿಕೆ ಆಗ್ತದೆ ಎಂದು ಜೀಪು ಓಡಿಸುವ ಅದ್ರಾಮ ಊರಿಡೀ ಹೇಳಿಕೊಂಡು ಬಂದಿದ್ದಾನೆ. ಆ ಗಂಟಲು ಈಗ ನಮ್ಮ ದೈವದ ಗುಡಿಯ ಎದುರು ನಿಂತರೆ ಒಣಗುತ್ತದೆ. ಬರುವ ತುಲಾ ಸಂಕ್ರಮಣಕ್ಕೆ ದೈವಕ್ಕೆ ತಂಬಿಲದ ಪೂಜೆ ಉಂಟು. ಮನೆಯ ಹಿರಿಯನಾಗಿ ಎಲ್ಲರ ಪರವಾಗಿ ಗಟ್ಟಿಯಾಗಿ ಪ್ರಾರ್ಥನೆ ಹೇಳಬೇಕಾದವನು ನಾನು. ಇಂದಿಗೆ ಸರಿಯಾಗಿ ನಾಲ್ಕು ವಾರ ಉಳಿದಿದೆ.

ಇದೆಲ್ಲ ನಿಮ್ಮ ವಿಶ್ವವಿದ್ಯಾನಿಲಯದ ಕೊಟ್ಟು ತರುವ ಸಂಬಂಧದಿಂದ ಶುರುವಾದದ್ದು. ಇಲ್ಲಿಂದ ನೀನು ಅಲ್ಲಿಗೆ ಧರ್ಮದ ತತ್ತ್ವಶಾಸ್ತ್ರ ಕಲಿಯಲು ಹೋದೆ. ಅಲ್ಲಿಂದ ನಿನ್ನ ಪ್ರೊಫೆಸರ್ ಹೆಂಡ್ರಿಕ್ ಸಾಹೇಬರು ಅದೇ ವಿಷಯ ಹುಡುಕಿಕೊಂಡು ಇಲ್ಲಿಗೆ ಬಂದರು. ಆಗಸ್ಟಿನಲ್ಲಿ ಎಂಟು ದಿನ ನಮ್ಮ ಮಾಳಿಗೆಯಲ್ಲಿದ್ದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಗಂಜಿಯನ್ನು ಚಮಚದಲ್ಲಿ ಕುಡಿದರು, ಉಪ್ಪಿನಕಾಯಿ ತಿಂದು ಕಣ್ಣೀರು ಹಾಕಿದರು, ಇನ್ನೂ ಸ್ವಲ್ಪ ಕೊಡಿ ಅಂದರು. ಮೈಸೂರಿನಲ್ಲಿ ಎರಡು ವರ್ಷ ಕಲಿತ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇಲ್ಲಿಯ ಜನ ದೇವರ ಇರುವಿಕೆಯ ಬಗ್ಗೆ ವಾದ ಮಾಡುತ್ತಾರೋ, ಸುಮ್ಮನೆ ನಂಬುತ್ತಾರೋ? ನನಗೆ ಪೌರುಷ ಉಕ್ಕಿತು. ವಾದವೇ? ಭಾನುವಾರ ಮಧ್ಯಾಹ್ನ ಪುತ್ತೂರಿಗೆ ಬನ್ನಿ ಸಾಹೇಬರೇ ಎಂದೆ!

ಅದ್ರಾಮನ ಜೀಪಿನಲ್ಲಿ ಹೋಗುವಾಗ ತಾಳಮದ್ದಳೆ ಎಂದರೆ ಏನೆಂದು ದಾರಿಯುದ್ದಕ್ಕೂ ವಿವರಿಸಿದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಕುಳಿತಲ್ಲಿಂದಲೇ ಪಾತ್ರದ ಪರವಾಗಿ ಮಾತಿನಲ್ಲಿ ಹೋರಾಡುತ್ತೇವೆ. ಯಾವ ಪಾತ್ರ ಬಂದರೂ ಅದರ ಪಕ್ಷವನ್ನು ಪ್ರಾಣ ಕೊಟ್ಟು ಹಿಡಿಯಬೇಕು. ಎದುರಿನವನು ಅದನ್ನು ಮುರಿಯಬೇಕು. ಮುರಿದ ಮೇಲೆ ಮಂಗಳ ಹಾಡಿ ಏಳುವುದು. ಸಾಹೇಬರು ತಲೆ ಅಲ್ಲಾಡಿಸಿದರು. ಅರ್ಥವಾಯಿತು ಎಂದು ನಾನು ತಿಳಿದೆ.

ಅಂದು ನನಗೆ ಎಂದಿನಂತೆ ಅಸುರರಾಜ. ಈ ಸ್ವರಕ್ಕೆ ಮುನಿಯ ಪಾತ್ರ ಯಾರು ಕೊಡುತ್ತಾರೆ? ಮುನಿಯಾಗಿ ಎದುರು ಕುಳಿತವರು ಗುತ್ತಿಗಾರಿನ ಸಂಕಪ್ಪ ಮಾಸ್ಟ್ರು. ಸುಳ್ಯದಿಂದ ಪುತ್ತೂರಿನವರೆಗೆ ಅವರ ಮಾತಿಗೆ ಎದುರಿಲ್ಲ. ಸಭೆ ಭರ್ತಿ. ಸಾಹೇಬರು ಕಾಲು ಮಡಚಲಾಗದೆ ಒದ್ದಾಡುತ್ತಾ ಟೇಪು ರೆಕಾರ್ಡರನ್ನು ನನ್ನ ಮೊಣಕಾಲಿನ ಹತ್ತಿರ ಇಟ್ಟರು. ದೇವರು ಇದ್ದಾನೆ ಎಂದು ಮುನಿ ಹೇಳಬೇಕು, ಇಲ್ಲ ಎಂದು ನಾನು. ಮೊದಲ ಅರ್ಧ ಗಂಟೆ ಹಳೆಯ ಮಾತುಗಳೇ ಹೋದವು, ಹಳೆಯ ಮಾತುಗಳೇ ಬಂದವು. ಆಮೇಲೆ ಎಂತ ಆಯಿತೋ ಮಗಾ, ಯಾರೋ ನನ್ನ ಗಂಟಲಿನ ಒಳಗೆ ಕೈ ಹಾಕಿ ಎಳೆದ ಹಾಗೆ ಮಾತು ಹೊರಗೆ ಬಂತು. ಎಲವೋ ಮುನಿಯೇ! ಮಗನಿಗೆ ಏಳು ದಿನ ಜ್ವರ. ಏಳು ದಿನವೂ ನಿನ್ನ ದೇವರ ಎದುರು ನಿಂತು ಗಂಟೆ ಬಾರಿಸಿದೆ. ಬಾರಿಸಿದವನು ನಾನು, ಕೇಳಿಸಿಕೊಂಡವನೂ ನಾನು. ಮೂರನೆಯವನೊಬ್ಬ ಎಲ್ಲಿದ್ದ? ತೋರಿಸು!

ಆ ಪ್ರಸಂಗದಲ್ಲಿ ಅಸುರರಾಜನಿಗೆ ಮಗನೇ ಇಲ್ಲ.

ನಿನಗೆ ನನ್ನ ಮಗ ಬೋಜನ ನೆನಪು ಉಂಟೋ ಇಲ್ಲವೋ. ನಿನಗೆ ಆಗ ಆರು ವರ್ಷ, ಅವನಿಗೆ ಒಂಬತ್ತು. ನಿನ್ನನ್ನು ಎತ್ತಿಕೊಂಡು ಗದ್ದೆಯ ಕಟ್ಟಪುಣಿಯ ಮೇಲೆ ಓಡುತ್ತಿದ್ದ, ನಾನು ಕೂಗಿದರೆ ಇಬ್ಬರೂ ಬೈಹುಲ್ಲಿನ ಹಿಂದೆ ಅಡಗುತ್ತಿದ್ದಿರಿ. ಅವನು ಹೋದ ಮೇಲೆ ಇಪ್ಪತ್ತು ವರ್ಷ ನಾನು ಅವನ ಮಾತನ್ನು ಮನೆಯಲ್ಲಿ ಎತ್ತಿಲ್ಲ. ಪುತ್ತೂರಿನಲ್ಲಿ ಇನ್ನೂರು ಜನರ ನಡುವೆ ಅಸುರನ ಬಾಯಿಯಿಂದ ಎತ್ತಿಬಿಟ್ಟೆ.

ಸಂಕಪ್ಪ ಮಾಸ್ಟ್ರಿಗೆ ಕೂಡಲೇ ಗೊತ್ತಾಯಿತು. ಆ ಏಳನೆಯ ದಿನ ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸಿನವರೆಗೆ ಓಡಿದವರು ಅವರೇ ಅಲ್ಲವೇ? ನಾನು ಕಾದೆ. ಈಗ ಮಾತಿನಲ್ಲಿ ನನ್ನನ್ನು ಹೊಡೆದುರುಳಿಸುತ್ತಾರೆ ಎಂದು ಕಾದೆ. ಅವರು ಶಾಲಿನಿಂದ ಮುಖ ಒರಸಿಕೊಂಡು ಭಾಗವತರತ್ತ ತಿರುಗಿ ಮಂಗಳಕ್ಕೆ ಸನ್ನೆ ಮಾಡಿದರು. ಸಭೆ ಚಪ್ಪಾಳೆ ತಟ್ಟಿತು! ಮೂವತ್ತು ವರ್ಷದಲ್ಲಿ ಅಸುರ ಗೆದ್ದದ್ದು ಅದೇ ಮೊದಲು. ಹೊರಗೆ ಬಂದ ಮೇಲೆ ಯಾಕೆ ಉತ್ತರ ಕೊಡಲಿಲ್ಲ ಎಂದು ಮಾಸ್ಟ್ರ ಕೈ ಹಿಡಿದು ಕೇಳಿದೆ. ಅದಕ್ಕೆ ಎದುರು ಹೇಳುದು ಬೇಡ ಅಂತ ಕಂಡಿತು ಗುರುವಣ್ಣ ಎಂದು ಹೇಳಿ ಸುಳ್ಯದ ಬಸ್ಸು ಹತ್ತಿದರು. ದಯೆಯಿಂದ ಸುಮ್ಮನಾದದ್ದು, ನನಗೆ ಗೊತ್ತು. ಆದರೆ ಆ ದಯೆ ನನ್ನನ್ನು ನಡುನೀರಿನಲ್ಲಿ ಬಿಟ್ಟು ಹೋಯಿತು.

ಜೀಪಿನಲ್ಲಿ ಅದ್ರಾಮ ಸವಣೂರು ದಾಟಿದ ಮೇಲೆ ಮೆಲ್ಲಗೆ, ಎಂತ ಗುರುವಣ್ಣ, ನಮ್ಮನ್ನೆಲ್ಲ ಪಡೆದವನನ್ನು ಹಾಗೆ ಕೇಳುದಾ, ನನಗೇ ಹೆದರಿಕೆ ಆಯ್ತು ಮಾರಾಯ್ರೆ ಎಂದ. ಸಾಹೇಬರು ಮಾತ್ರ ಟೇಪನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತಿದ್ದರು, ಹುಟ್ಟಿದ ಮಗುವನ್ನು ಹಿಡಿದ ಹಾಗೆ.

ಈಗ ಮೊನ್ನೆ ಗುರುವಾರ ಅವರ ಕಾಗದ ಬಂದಿದೆ. ದುಂಡು ದುಂಡು ಕನ್ನಡ ಅಕ್ಷರ. ನಿಮ್ಮ ವಿಶ್ವವಿದ್ಯಾನಿಲಯದ ಪತ್ರಿಕೆಯ ಜನವರಿ ಸಂಚಿಕೆಯಲ್ಲಿ ಮೊದಲಿಗೆ 'ಗುರುವಪ್ಪನವರ ವಾದ' ಎಂದು ಅಚ್ಚು ಹಾಕುತ್ತಾರಂತೆ. ಟೇಪು ಕೇಳಿ ಇಂಗ್ಲಿಷಿಗೆ ಮಾಡಿಕೊಡುವವಳು ನೀನಂತೆ. ಮೂರು ದೇಶದ ಮೂರು ಪಂಡಿತರು ಅದಕ್ಕೆ ಉತ್ತರ ಬರೆಯುತ್ತಾರಂತೆ. ನನ್ನ ಒಪ್ಪಿಗೆ ಕೇಳಿದ್ದಾರೆ. ಅಸುರರಾಜನ ಹೆಸರು ಎಲ್ಲಿಯೂ ಇಲ್ಲ ಮಗಾ, ಬರೇ ನನ್ನ ಹೆಸರು! ದೇವರಿಲ್ಲ ಎಂದವನು ಕಡಬದ ಗುರುವಪ್ಪ ಎಂದು ನಾಲ್ಕು ದೇಶದಲ್ಲಿ ಓದುತ್ತಾರೆ. ಅದ್ರಾಮನಿಗೆ ಹೇಳಿದರೆ, ನಿಮ್ಮ ದೈವಕ್ಕೆ ಇಂಗ್ಲಿಷ್ ಬರ್ತದಾ ಎಂದು ನಗಿಸಲು ನೋಡಿದ. ನಗು ಬರಲಿಲ್ಲ. ಕಾಗದ ಓದಿದ ದಿನದಿಂದ ಅನ್ನ ಸೇರುವುದಿಲ್ಲ. ಗುಡಿಯ ದೀಪ ಹಚ್ಚಲು ಬೆಳಿಗ್ಗೆ ಸತ್ಯವತಿಯನ್ನೇ ಕಳುಹಿಸುತ್ತೇನೆ, ಸೊಂಟನೋವು ಎಂದು ಸುಳ್ಳು ಹೇಳಿ.

ಆದ್ದರಿಂದ ನೀನು ಸಾಹೇಬರಿಗೆ ಬಿಡಿಸಿ ಹೇಳು. ಅದು ಪಾತ್ರದ ಮಾತು, ಗುರುವಪ್ಪನ ಮಾತಲ್ಲ. ನಮ್ಮಲ್ಲಿ ಪ್ರತಿಯೊಬ್ಬನಿಗೂ ಒಂದು ಪಕ್ಷ ಹಂಚುತ್ತಾರೆ, ಹಂಚಿದ್ದನ್ನು ಹಿಡಿಯುವುದು ಕ್ರಮ. ಹಾಗೆಂದು ಕೆಳಗೆ ಎರಡು ಸಾಲು ಅಚ್ಚು ಹಾಕಿದರೆ ನಾನು ಒಪ್ಪಿಗೆಯ ರುಜು ಕಳುಹಿಸುತ್ತೇನೆ. ಸಾಹೇಬರ ಮೇಲೆ ನನಗೆ ಕೋಪ ಇಲ್ಲ. ಅವರ ಹೆಂಡತಿ ಮಕ್ಕಳಿಗೆ ನನ್ನ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಓದಿಗೆ ಯಾವ ವಿಘ್ನವೂ ಬಾರದಿರಲಿ. ನೂರು ವರ್ಷ ಬಾಳು ಮಗಾ.

ಇತಿ ನಿನ್ನ ಮಾವ,
ಗುರುವಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಕಾಗದ ಅಂಚೆಗೆ ಹಾಕಲು ಅದ್ರಾಮ ಜೀಪು ನಿಲ್ಲಿಸಿ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಆ ಎರಡು ಸಾಲು ಅಚ್ಚು ಹಾಕಿದರೂ ಸರಿ, ಬಿಟ್ಟರೂ ಸರಿ. ಅದು ಪಾತ್ರದ ಮಾತೇ ಎಂದು ಪ್ರಮಾಣ ಮಾಡಲು ನನ್ನಿಂದ ಆಗುವುದಿಲ್ಲ. ದೈವ ಕೋಪಿಸಿಕೊಂಡೀತು ಎಂದು ನನಗೆ ಹೆದರಿಕೆಯಲ್ಲ ಮಗಾ. ಕೋಪಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲದಿದ್ದರೆ? ಕಳೆದ ಸಂಕ್ರಮಣದಂದು ಮಾತ್ರ ನಾನೇ ಹೋಗಿ ಗುಡಿಯ ಗಂಟೆ ಬಾರಿಸಿದೆ. ಬಾರಿಸಿದವನು ನಾನು, ಕೇಳಿಸಿಕೊಂಡವನೂ ನಾನು. ಮೂರು ಪಂಡಿತರ ಉತ್ತರ ಜನವರಿಗೆ ಬರುವುದು, ತಂಬಿಲ ಅಕ್ಟೋಬರ್ ಹದಿನೇಳಕ್ಕೆ. ಚಿಕ್ಕವಳಿದ್ದಾಗ ನೀನು ಅರೆಯುವ ಕಲ್ಲಿನ ಹತ್ತಿರ ಕುಳಿತು ನನ್ನ ಅಸುರನಿಗೆ ಎದುರು ಮಾತು ಕಟ್ಟುತ್ತಿದ್ದೆಯಲ್ಲ, ಕೊನೆಗೆ ಸೋತಿರಾ ಮಾವಾ ಎಂದು ಕೇಳುತ್ತಿದ್ದೆಯಲ್ಲ? ನಾನು ಒಂದು ದಿನವೂ ಒಪ್ಪಿಕೊಂಡವನಲ್ಲ. ಇಲ್ಲಿಂದ ಅಲ್ಲಿಗೆ ಕಾಗದಕ್ಕೆ ಹನ್ನೆರಡು ದಿನ, ತಿರುಗಿ ಬರಲು ಹನ್ನೆರಡು ದಿನ. ಟೇಪು ಕೇಳಿದ ದಿನವೇ ಮುನಿಯಾಗಿ ಕುಳಿತು ಬರೆ. ಮಾವ ಎಂದು ದಯೆ ತೋರಿಸಬೇಡ. ಈ ಸಲ ನನ್ನನ್ನು ಸೋಲಿಸು ಮಗಾ.