ಸಾಲಿನ ಕೊನೆಯಲ್ಲಿ

ನವೆಂಬರ್ ೧೪, ಮಂಗಳವಾರ

ಮುದ್ದಿನ ಸೊಸೆಗೆ,

ಹೇಗಿದ್ದೀಯ? ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ನಿಮ್ಮ ಶಾಲೆಯ ಲೆಕ್ಕದ ಮೇಷ್ಟ್ರನ್ನು ಮದುವೆಯಾಗಲೇ ಎಂದು ನೀನು ಅದರಲ್ಲಿ ಕೇಳಿದ್ದೆ. "ನೀವು ಬೇಡ ಅಂದ್ರೆ ಬೇಡ, ಅತ್ತೆ" ಎಂದೂ ಬರೆದಿದ್ದೆ. ಮೂರು ವರ್ಷದ ಹಿಂದೆ ನನ್ನ ಮಗ ಮಂಜಿನಲ್ಲಿ ಕಾಣೆಯಾದ ಆ ಬೆಟ್ಟವನ್ನು ಒಮ್ಮೆ ನೋಡದೆ ಉತ್ತರ ಬರೆಯಲು ಮನಸ್ಸು ಬರಲಿಲ್ಲ. ಹೋಗಿ ಬಂದೆ. ಮಂಡಿ ಊದಿದೆ, ಬೇರೇನೂ ಆಗಿಲ್ಲ.

ಅವನ ಚಾರಣದ ಗೆಳೆಯರ ಜೊತೆಗೇ ಹೋದೆ. ನಿಮ್ಮ ಮದುವೆಯಲ್ಲಿ ಕುಣಿದು ಚಪ್ಪಲಿ ಹರಿದುಕೊಂಡನಲ್ಲ, ಆ ಗಡ್ಡದವನೇ ಮುಂದಾಳು. ಅವರಲ್ಲೊಂದು ಪದ್ಧತಿ ಇದೆ. ಮಂಜು ಕವಿದರೆ ಮುಂದಾಳು ಸೀಟಿ ಊದುತ್ತಾನೆ, ಸಾಲಿನ ಕೊನೆಯವರು ಉತ್ತರವಾಗಿ ಊದಬೇಕು. ಹಿಂದೆ ಯಾರೂ ಉಳಿದಿಲ್ಲ, ಮುಂದೆ ನಡೆಯಿರಿ ಎಂದು ಅದರ ಅರ್ಥ. ನನ್ನ ಮಗ ಯಾವಾಗಲೂ ಕೊನೆಯವನೇ ಆಗಿದ್ದನಂತೆ.

"ಇವತ್ತು ನೀವೇ ನಮ್ಮ ಬಾಲ, ಅಮ್ಮಾ" ಎಂದು ಗಡ್ಡದವನು ಹೊಸ ಸೀಟಿಯೊಂದನ್ನು ಕೊಟ್ಟ.

"ಈ ವಯಸ್ಸಿಗೆ ಅದೊಂದು ಕಮ್ಮಿ ಇತ್ತು ನೋಡು" ಎಂದೆ. ಎಲ್ಲರೂ ನಕ್ಕರು.

ನೆತ್ತಿಯ ಹತ್ತಿರದ ಕಾಲುದಾರಿಯಲ್ಲಿ ಮಂಜು ಬಂತು. ನನ್ನ ಮುಂದಿದ್ದವಳ ಕೆಂಪು ಚೀಲವೂ ಕಾಣದಾಯಿತು. ಮುಂದಾಳಿನ ಸೀಟಿ ಕೇಳಿಸಿತು. ನಾನು ಏದುಸಿರು ಬಿಡುತ್ತ ಜೇಬು ತಡಕುತ್ತಿದ್ದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಉತ್ತರ ಹೋಯಿತು. ಉದ್ದನೆಯ ಸೀಟಿ, ತುದಿಯಲ್ಲಿ ಕತ್ತರಿಸಿದ ಹಾಗೆ. ನನ್ನ ಹಿಂದೆ ಯಾರೂ ಇರಲಿಲ್ಲ ಕಣೇ.

ತಿರುಗಿ ನಿಂತು "ಯಾರಪ್ಪಾ?" ಎಂದೆ. ಸಣ್ಣ ಕಲ್ಲುಗಳು ಸರಿದ ಸದ್ದಾಯಿತು. "ಮಗಾ" ಎಂದೆ. ಆ ಸದ್ದೂ ನಿಂತಿತು. ಅತ್ತ ಒಂದು ಹೆಜ್ಜೆ ಇಟ್ಟೂ ಬಿಟ್ಟೆ. ಮೇಲಿನಿಂದ ಮತ್ತೆ ಸೀಟಿ. ಈ ಸಲ ಉತ್ತರ ಎಷ್ಟು ಹತ್ತಿರದಿಂದ ಬಂತೆಂದರೆ ಕಿವಿ ಗುಂಯ್ ಎಂದಿತು. ಕಣ್ಣೆದುರಿಗೆ ಬರೀ ಬಿಳುಪು.

ಡೇರೆ ಹಾಕುವ ಬಯಲು ತಲುಪಿದಾಗ ಗಡ್ಡದವನು, "ಏನ್ ಜೋರಾಗಿ ಊದಿದ್ರಿ ಅಮ್ಮಾ! ಥೇಟ್ ಅವನ ಥರಾನೇ. ಯಾರು ಹೇಳ್ಕೊಟ್ರು?" ಎಂದ. ನಾನು ಸೀಟಿ ತೆಗೆದು ತೋರಿಸಿದೆ. ಅದರ ಪ್ಲಾಸ್ಟಿಕ್ ಕವರು ಇನ್ನೂ ಹರಿದಿರಲಿಲ್ಲ. ಅವನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಡೇರೆಯ ಗೂಟ ಬಡಿಯಲು ಹೋದ. ಬಡಿದ ಗೂಟವನ್ನೇ ಬಡಿಯುತ್ತಿದ್ದ.

ಬಂಡೆಯ ಪ್ರತಿಧ್ವನಿಯೋ, ಬೇರೆ ಗುಂಪಿನವರೋ, ನಾನು ವಾದ ಮಾಡಲಾರೆ. ನನ್ನ ಕೂಗಿಗೆ ಅದು ಓಗೊಡಲಿಲ್ಲ. ಮುಂದೆ ನಡೆಯಿರಿ ಎಂದಷ್ಟೇ ಎರಡು ಸಲವೂ ಹೇಳಿತು. ಮೇಷ್ಟ್ರಿಗೆ ಹೂಂ ಅನ್ನು. ಇಬ್ಬರೂ ತಣ್ಣಗಿರಿ.

ನಿನ್ನ
ಅತ್ತೆ

ಇನ್ನೊಂದು ಮಾತು: ಆ ಮನೆಯಲ್ಲಿ ನಿನಗೆ ಬೇರೊಬ್ಬ ಅತ್ತೆ ಇರುತ್ತಾರೆ. ಆಗ ನನ್ನನ್ನು ಏನೆಂದು ಕರೆಯುತ್ತೀಯ? ಬಾಯಿಗೆ ಬಂದ ಹಾಗೆ ಕರಿ. ಕರೆಯದೆ ಮಾತ್ರ ಇರಬೇಡ.