ಅಕ್ಟೋಬರ್ ಮುಗಿದ ಮರುದಿನ

ಕ್ಲೋಡೆಟ್,

ನೀನು ತೀರಿಕೊಂಡು ಎರಡು ವರ್ಷವಾಯಿತು, ಕನ್ನಡವಂತೂ ನಿನಗೆ ಬರುತ್ತಲೇ ಇರಲಿಲ್ಲ. ಆದರೆ ನನಗೆ ಸಿಟ್ಟು ಬರುವುದು ಈ ಭಾಷೆಯಲ್ಲೇ, ಏನು ಮಾಡಲಿ?

ಇವತ್ತು ನವೆಂಬರ್ ಒಂದು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಟ್ರಾಮ್ ಇಳಿದರೆ, ಪುಸ್ತಕದಂಗಡಿಯ ಹುಡುಗಿ ನಿನ್ನ ಕಾದಂಬರಿಯನ್ನು ಕಿಟಕಿಯಿಂದ ತೆಗೆದು ಪೆಟ್ಟಿಗೆಗೆ ತುಂಬುತ್ತಿದ್ದಳು. "ಬ್ಲ್ಯಾಕ್ ಹಿಸ್ಟರಿ ಮಂತ್ ನಿನ್ನೆಗೆ ಮುಗೀತಲ್ಲ, ಕಪ್ಪು ಲೇಖಕರ ಪುಸ್ತಕ ಕಿಟಕಿಯಲ್ಲಿಡೋದು ಅಕ್ಟೋಬರಿಗಷ್ಟೇ" ಅಂದಳು.

ನೀನೇನು ದಸರಾ ಗೊಂಬೆಯಾ, ಹಬ್ಬ ಮುಗಿದ ಮೇಲೆ ಕಟ್ಟಿಡೋಕೆ? ಹನ್ನೊಂದು ವರ್ಷ ಪ್ರಕಾಶಕರು "ಕಪ್ಪು ಹೆಂಗಸಿನ ಕಾದಂಬರಿ ಈ ವರ್ಷ ಆಗಲೇ ಒಂದು ತಗೊಂಡಿದ್ದೇವೆ" ಎಂದು ನಿನ್ನನ್ನು ವಾಪಸು ಕಳಿಸಿದ್ದು ಸಾಲದಾ? ಅಂಗಡಿಯಲ್ಲೇ ಕೂಗಾಡಿಬಿಟ್ಟೆ.

ಹುಡುಗಿ ಹೆದರಿಕೊಂಡೇ ಕೇಳಿದಳು: "ಅಷ್ಟು ಚೆನ್ನಾಗಿದೆಯಾ? ಕತೆ ಏನು?"

ಬಾಗಿಲು ತಳ್ಳಿಕೊಂಡು ಮನೆಗೆ ಬಂದೆ. ನೀನು ಸಹಿ ಮಾಡಿ ಕೊಟ್ಟ ಪ್ರತಿಯ ಒಂಬತ್ತನೇ ಪುಟದಲ್ಲಿ, ಓದು ನಿಲ್ಲಿಸಿದಲ್ಲಿ ಗುರುತಿಗೆಂದು ನಾನಿಟ್ಟ ವಾರ್ಡಿನ ಡ್ಯೂಟಿ ಪಟ್ಟಿ ಹಾಗೇ ಇದೆ. ಅದರಲ್ಲಿ ನಮ್ಮಿಬ್ಬರ ಹೆಸರೂ ಇದೆ.

ಸುಚೇತಾ