ಕೆಲಸದ ಕಾಲಂ

೧೬-೨-೧೯೮೧, ಸೋಮವಾರ. ಮಧುಗಿರಿ.

ಇನ್ನೂ ಮೈ ಉರೀತಿದೆ. ಜನಗಣತಿಗೆ ಬಂದಿದ್ದು ಬೇರೆ ಯಾರೂ ಅಲ್ಲ, ಹೋದ ವರ್ಷದವರೆಗೂ ನನ್ನ ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡ್ತಿದ್ದ ಕದರಪ್ಪ ಮೇಷ್ಟ್ರು. "ಈಗ ನಿಮಗೆ ಕೆಲಸ ಇಲ್ವಲ್ಲ ಮೇಡಂ, ಹಂಗೇ ಬರ್ಕಂತೀನಿ" ಅಂದ್ರು. ಪುಟ್ಟಿ ಹುಟ್ಟಿದ ಮೇಲೆ ಶಾಲೆಗೆ ರಾಜೀನಾಮೆ ಕೊಟ್ಟಿದ್ದು ನಿಜ. ಕೆಲಸ ಇಲ್ವಂತೆ!

"ಬರ್ಕಳಿ, ಆದ್ರೆ ಇವಳನ್ನ ಹಿಡ್ಕಂಡು ಬರ್ಕಳಿ" ಅಂತ ಪುಟ್ಟೀನ ಅವರ ತೊಡೆ ಮೇಲೆ ಕೂರಿಸಿಬಿಟ್ಟೆ. ಪೆನ್ನು ಕಿತ್ಕೊಂಡಳು, ಕನ್ನಡಕ ಎಳೆದಳು, ಕೊನೆಗೆ ಪಂಚೆ ಒದ್ದೆ ಮಾಡಿದಳು. ಅವರಿಗೆ ಒಂದಕ್ಷರ ಬರೆಯೋಕಾಗಲಿಲ್ಲ. "ಎತ್ಕಳಿ ತಾಯಿ" ಅಂತ ಗೋಗರೆದರು. "ನನಗೆ ಕೆಲಸ ಇಲ್ವಲ್ಲ, ನಿಧಾನಕ್ಕೆ ಎತ್ಕೊತೀನಿ" ಅಂದೆ. ಅಂದಿದ್ದಕ್ಕೆ ಒಂದಿಷ್ಟೂ ಬೇಜಾರಿಲ್ಲ. ನಾಳೆ ಸ್ಟಾಫ್ ರೂಮಿನಲ್ಲಿ ಏನು ಬೇಕಾದ್ರೂ ಆಡ್ಕೊಳ್ಳಲಿ.

ಕೊರೀತಿರೋದು ಬೇರೆ. ಎಪ್ಪತ್ತೊಂದರಲ್ಲಿ ಬುಕ್ಕಾಪಟ್ಟಣಕ್ಕೆ ಗಣತಿಗೆ ಹೋಗಿದ್ದು ನಾನೇ. ಕಾಲಲ್ಲಿ ತೊಟ್ಟಿಲು ತೂಗ್ತಾ, ಕೈಯಲ್ಲಿ ಮಜ್ಜಿಗೆ ಕಡೀತಾ ಕೂತಿದ್ದ ಗಿರಿಯಮ್ಮನ್ನ ನಾನು ಕೇಳಲೂ ಇಲ್ಲ. ಕೆಲಸ ಇಲ್ಲ ಅಂತ ಬರೆದೆ. ಆಮೇಲೆ ಅವಳು ಕೊಟ್ಟ ಮಜ್ಜಿಗೆ ಕುಡಿದು ಪಕ್ಕದ ಮನೆಗೆ ಹೋದೆ.